ದೇಹೂ ರೋಡ್: ಪೀಠಭೂಮಿಯ ದಂಡುಪ್ರದೇಶ

ದೇಹೂ ರೋಡ್ ಇರುವುದು ಪುಣೆ ಜಿಲ್ಲೆಯಲ್ಲಿ, ಸಹ್ಯಾದ್ರಿಯ ಪೂರ್ವಕ್ಕೆ, ದಖ್ಖನ್ ಪೀಠಭೂಮಿಯ ಮೇಲೆ. ಸಂತ ತುಕಾರಾಮರ ದೇಹೂ ಬೇರೆ ಊರು. ಅದು ಇಂದ್ರಾಯಣಿ ನದಿಯ ದಡದಲ್ಲಿದೆ. ಎರಡನ್ನೂ ಒಂದೆಂದು ಬರೆದು ಅಂಕ ಕಳೆದುಕೊಳ್ಳಬೇಡಿ.

ಚೆನ್ನಾಗಿ ಓದಿಕೊಳ್ಳಬೇಕಾದದ್ದು ಆಡಳಿತ. ಇಲ್ಲಿರುವುದು ನಗರಸಭೆಯಲ್ಲ, ಕಂಟೋನ್ಮೆಂಟ್ (ದಂಡುಪ್ರದೇಶ) ಮಂಡಳಿ. ಸ್ಥಳೀಯ ಆಡಳಿತ ರಾಜ್ಯಪಟ್ಟಿಯ ವಿಷಯವಾದರೂ ದಂಡುಪ್ರದೇಶ ಕೇಂದ್ರಪಟ್ಟಿಯ 3ನೇ ನಮೂದು. ಹಾಗಾಗಿ ಮಂಡಳಿ ರಕ್ಷಣಾ ಸಚಿವಾಲಯದ ಅಧೀನ. 1924ರ ಕಂಟೋನ್ಮೆಂಟ್ ಕಾಯ್ದೆಯ ಜಾಗಕ್ಕೆ 2006ರ ಕಾಯ್ದೆ ಬಂತು. ಅದರ ಪ್ರಕಾರ ಠಾಣೆಯ ಸೇನಾಧಿಕಾರಿಯೇ ಪದನಿಮಿತ್ತ ಅಧ್ಯಕ್ಷ; ಚುನಾಯಿತರಿಗೆ ಸಿಗುವುದು ಉಪಾಧ್ಯಕ್ಷ ಸ್ಥಾನ. ತೆರಿಗೆ ಕಟ್ಟುವ ನಿವಾಸಿಗಳಿಗೆ ಇದು ಸಾಲದು ಎನ್ನಿಸುತ್ತದೆ.

ಕರ್ನಾಟಕದಲ್ಲಿ ಇಂಥ ಮಂಡಳಿ ಬೆಳಗಾವಿಯಲ್ಲಿ ಮಾತ್ರ. ರಾಷ್ಟ್ರೀಯ ಹೆದ್ದಾರಿ 48 ದೇಹೂ ರೋಡ್ ಮತ್ತು ಬೆಳಗಾವಿಯನ್ನು ಜೋಡಿಸುತ್ತದೆ.

ಇತಿಹಾಸಕ್ಕೆ ಬಂದರೆ, 1954ರ ಡಿಸೆಂಬರ್ 25ರಂದು ಡಾ. ಅಂಬೇಡ್ಕರ್ ದೇಹೂ ರೋಡ್‌ನಲ್ಲಿ ಬುದ್ಧನ ಮೂರ್ತಿಯನ್ನು ಪ್ರತಿಷ್ಠಾಪಿಸಿದರು.