ಸೆರೆಯಿಂದ ಬಂದವನಿಗೆ ಶರಣರ ಬಾಗಿಲು

ಉರಿಲಿಂಗಪೆದ್ದಿಗಳ ಪೂರ್ವಾಶ್ರಮದ ಕಥೆಯನ್ನು ಅರಿಯದ ಶರಣಬಂಧುಗಳು ವಿರಳ. ಇಂದಿನ ಮಹಾರಾಷ್ಟ್ರದ ನಾಂದೇಡ ಜಿಲ್ಲೆಗೆ ಸೇರಿದ ಕಂಧಾರದಲ್ಲಿ ಪೆದ್ದಣ್ಣನೆಂಬ ಕಳ್ಳನಿದ್ದನು. ಒಂದು ರಾತ್ರಿ ಕಳವಿಗೆಂದು ಮನೆಯೊಂದನ್ನು ಹೊಕ್ಕಾಗ, ಅಲ್ಲಿ ಉರಿಲಿಂಗದೇವರು ಲಿಂಗದೀಕ್ಷೆಯನ್ನು ಕೊಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡನು. ಬಂದ ಕೆಲಸವು ಮರೆತುಹೋಯಿತು. ಅಂದಿನಿಂದ ಅವನು ಗುರುವಿನ ಮನೆಗೆ ದಿನವೂ ಕಟ್ಟಿಗೆಯ ಹೊರೆಯನ್ನು ಹೊತ್ತು ತರತೊಡಗಿದನು. ಬಹುಕಾಲದ ಈ ಸೇವೆಯ ಬಳಿಕ ಅವನಿಗೆ ದೀಕ್ಷೆ ದೊರೆಯಿತು. ಗುರುವಿನ ತರುವಾಯ ಆ ಮಠದ ಪೀಠವೂ ಅವನದಾಯಿತೆಂದು ಪರಂಪರೆಯು ಹೇಳುತ್ತದೆ. ಮುನ್ನೂರಕ್ಕೂ ಮಿಕ್ಕ ಆತನ ವಚನಗಳು ಇಂದು ನಮ್ಮ ಪಾರಾಯಣದಲ್ಲಿವೆ.

ಈ ಕಥೆಯನ್ನು ಭಕ್ತಿಯ ಮಹಿಮೆಯೆಂದು ಓದಿ, ಕೈಮುಗಿದು, ಪುಟವನ್ನು ಮಗುಚುವುದು ನಮ್ಮ ವಾಡಿಕೆ. ಆದರೆ ಇದರೊಳಗೆ ಲೋಕವ್ಯವಹಾರದ ಪಾಠವೊಂದು ಅಡಗಿದೆ. ಪೆದ್ದಣ್ಣನು ಮರಳಿ ಕನ್ನದ ದಾರಿಯನ್ನು ಹಿಡಿಯಲಿಲ್ಲವೇಕೆ? ಮೂರು ಕಾರಣಗಳು ತೋರುತ್ತವೆ. ಗುರುವಿನ ಬಾಗಿಲು ಅವನಿಗೆ ಮುಚ್ಚಲಿಲ್ಲ. ಅವನ ಕೈಗೆ ಕಾಯಕವೊಂದು ಒದಗಿತು. ಅವನ ಮೇಲಿನ ನಂಬಿಕೆಯು ಬಲಿಯುವುದಕ್ಕೆ ಕಾಲಾವಕಾಶ ದೊರೆಯಿತು. ಸೆರೆಮನೆಯಿಂದ ಹೊರಬಂದವನು ಮತ್ತೆ ಅಪರಾಧಕ್ಕೆ ಇಳಿಯುವನೇಕೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಈ ಮೂರೂ ಇಲ್ಲದುದರಿಂದಲೇ ಅವನು ಮರಳಿ ಹೋಗುವನು.

ಇದನ್ನು ನಮ್ಮ ಸೀಮೆಯಲ್ಲಿಯೇ ಇಟ್ಟು ನೋಡೋಣ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೊಂದರಲ್ಲಿ ದುಡಿಯುವ ತರುಣನೊಬ್ಬನನ್ನು ಊಹಿಸಿಕೊಳ್ಳಿ. ಯಜಮಾನನಲ್ಲಿ ಮುಂಗಡ ಪಡೆದಿದ್ದಾನೆ, ಮನೆಯಲ್ಲಿ ಕಾಯಿಲೆ, ಎರಡು ಕಿಲೋ ನೂಲನ್ನು ಕದ್ದು ಸಿಕ್ಕಿಬಿದ್ದನು. ಜಾಮೀನು ಮಂಜೂರಾದರೂ ಹೊಣೆ ನಿಲ್ಲುವವರು ದೊರೆಯದೆ ಎಂಟು ತಿಂಗಳು ಒಳಗಿದ್ದನು. ಹೊರಬಂದ ದಿನ ಅವನ ಕೈಯಲ್ಲಿರುವುದು ಬಸ್ಸಿನ ಹಣ ಮಾತ್ರ. ನೂಲು ಬೆಲೆಬಾಳುವ ವಸ್ತು. ಆ ಕಸುಬು ನಡೆಯುವುದೇ ನಂಬಿಕೆಯ ಮೇಲೆ. ಹಳೆಯ ಯಜಮಾನನು ಸೇರಿಸನು. ಉಳಿದವರಿಗೂ ಸುದ್ದಿ ಮುಟ್ಟಿದೆ. ಚಿಂತಾಮಣಿಯ ಮಂಡಿಗೆ ಹೋದರೆ ಹಮಾಲಿಗಳ ಗುಂಪು ಅರಿಯದವನನ್ನು ಸೇರಿಸಿಕೊಳ್ಳದು. ಗೌರಿಬಿದನೂರಿನ ಕಾರ್ಖಾನೆಯಲ್ಲಿ ಪೊಲೀಸರ ಪ್ರಮಾಣಪತ್ರವನ್ನು ಕೇಳಿದರೆ ಅವನು ಏನನ್ನು ತೋರಿಸಬೇಕು? ಚಿಕ್ಕಬಳ್ಳಾಪುರದ ತೋಟಗಳಲ್ಲಿ ಹೂ ಬಿಡಿಸುವ ಕೂಲಿಯು ನಾಲ್ಕು ದಿನ ಇದ್ದು ಐದನೆಯ ದಿನ ಇರದು. ವಕೀಲರಿಗೆಂದು ತಾಯಿ ಮಾಡಿದ ಸಾಲಕ್ಕೆ ಬಡ್ಡಿ ಏರುತ್ತಿದೆ. ಹೆಂಡತಿ ತವರಿಗೆ ಹೋಗಿದ್ದಾಳೆ. ಊರಿನಲ್ಲಿ ಯಾರದೋ ಪಂಪುಸೆಟ್ಟಿನ ತಂತಿ ಕಳವಾದರೆ ಮೊದಲು ಹುಡುಕುವುದು ಅವನನ್ನೇ. ಇಂತಹ ಹದಿನೈದು ದಿನಗಳ ಕೊನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದು, ಕೂರಿಸಿ, ಕಾಫಿ ಕೊಡಿಸುವವನು ಒಬ್ಬನು ಸಿಕ್ಕುತ್ತಾನೆ. ಅವನು ಸೆರೆಮನೆಯಲ್ಲಿ ಪರಿಚಯವಾದವನು. ಮುಂದಿನದನ್ನು ವಾಚಕರು ತಾವೇ ಊಹಿಸಬಹುದು.

ಅಮೆರಿಕಾ ದೇಶದಲ್ಲಿ ೨೦೦೫ರಲ್ಲಿ ೩೦ ರಾಜ್ಯಗಳ ಸೆರೆಮನೆಗಳಿಂದ ಬಿಡುಗಡೆಯಾದವರ ಗತಿಯನ್ನು ಒಂಬತ್ತು ವರ್ಷಗಳವರೆಗೆ ಪರಿಶೀಲಿಸಿದರು. ನೂರಕ್ಕೆ ೮೩ ಮಂದಿ ಆ ಅವಧಿಯಲ್ಲಿ ಮತ್ತೆ ಬಂಧನಕ್ಕೆ ಒಳಗಾದರು. ಅವರಲ್ಲಿ ೪೪ ಮಂದಿ ಮೊದಲನೆಯ ವರ್ಷದಲ್ಲಿಯೇ. ದೇಶ ಬೇರೆ, ಪರಿಸ್ಥಿತಿ ಬೇರೆ; ಆದರೂ ಬಿಡುಗಡೆಯ ನಂತರದ ಮೊದಲ ದಿನಗಳೇ ಅತ್ಯಂತ ಅಪಾಯದ ದಿನಗಳೆಂಬುದು ಇದರಿಂದ ಮನದಟ್ಟಾಗುತ್ತದೆ. ಕೈ ಹಿಡಿಯಬೇಕಾದುದು ಆಗಲೇ.

ಸಂಶಯವು ತಾನೇ ಅಪರಾಧವನ್ನು ಬೆಳೆಸಬಲ್ಲದೆಂಬುದಕ್ಕೆ ನಮ್ಮ ದೇಶದ ಇತಿಹಾಸವೇ ಸಾಕ್ಷಿ. ೧೮೭೧ರಲ್ಲಿ ಬ್ರಿಟಿಷರು ತಂದ ಕಾನೂನು ಕೆಲವು ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಬರೆದಿಟ್ಟಿತು. ೧೯೫೨ರಲ್ಲಿ ಅದು ರದ್ದಾಯಿತು. ಕಾಗದದ ಮೇಲಿನ ಹೆಸರು ಅಳಿದರೂ ಜನರ ಬಾಯಿಯ ಹೆಸರು ಬಹುಕಾಲ ಅಳಿಯಲಿಲ್ಲ. ಶರಣರ ಮಾರ್ಗವು ಇದಕ್ಕೆ ನೇರ ವಿರುದ್ಧವಾದುದು. ಕನ್ನದ ಮಾರಿತಂದೆಯ ಹೆಸರಿನಲ್ಲಿಯೇ ಹಳೆಯ ವೃತ್ತಿಯ ಗುರುತು ಉಳಿದಿದೆ. ಅದನ್ನು ಯಾರೂ ಮರೆಮಾಚಲಿಲ್ಲ. ಅದು ಶರಣರ ನಡುವೆ ಅವನ ಸ್ಥಾನಕ್ಕೆ ಅಡ್ಡಿಯಾಗಲೂ ಇಲ್ಲ. ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮ ಮನೆಯ ಮಗನೆಂದೇ ಎಣಿಸಬೇಕೆಂದು ಬಸವಣ್ಣನವರು ಬೇಡಿಕೊಂಡುದನ್ನು ನಾವು ನಿತ್ಯವೂ ಹಾಡುತ್ತೇವೆ. ಸೆರೆಮನೆಯಿಂದ ಬಂದವನು ಎದುರಿಗೆ ನಿಂತಾಗಲೇ ಆ ಹಾಡಿನ ಪರೀಕ್ಷೆ.

ನಮ್ಮ ನೆಲಕ್ಕೆ ಸೆರೆಮನೆಯ ಇನ್ನೊಂದು ನೆನಪೂ ಇದೆ. ೧೯೩೮ರ ಏಪ್ರಿಲ್ ೨೫ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಆ ಕಾಲದಲ್ಲಿ ಸ್ವಾತಂತ್ರ್ಯಕ್ಕಾಗಿ ಸೆರೆ ಹೋದವರನ್ನು ಜನರು ಗೌರವದಿಂದ ಬರಮಾಡಿಕೊಂಡರು. ಕಳ್ಳನನ್ನು ದೇಶಭಕ್ತನಿಗೆ ಹೋಲಿಸುವುದು ನಮ್ಮ ಉದ್ದೇಶವಲ್ಲ. ಸೆರೆಮನೆಯ ಹೊರಗೆ ತನಗಾಗಿ ಜನ ಕಾದಿದ್ದಾರೆಂಬ ಭಾವನೆಯು ಮನುಷ್ಯನಿಗೆ ಎಷ್ಟು ಬಲವನ್ನು ಕೊಡುವುದೆಂಬುದಷ್ಟೇ ಇಲ್ಲಿ ಗಮನಿಸತಕ್ಕ ವಿಷಯ.

“ಕಳವಾದವನ ದುಃಖವನ್ನು ಕೇಳುವವರಾರು?” ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪಣೆಯು ನ್ಯಾಯವಾದುದು. ಬಸವಣ್ಣನವರು ಅಂತರಂಗ ಬಹಿರಂಗ ಶುದ್ಧಿಗೆ ಹೇಳಿದ ನಿಯಮಗಳಲ್ಲಿ ಮೊದಲನೆಯದೇ ಕಳವಿನ ನಿಷೇಧ. ಶರಣರ ದಯೆಯು ತಪ್ಪನ್ನು ತಪ್ಪಲ್ಲವೆನ್ನುವ ದಯೆಯಲ್ಲ. ಪೆದ್ದಣ್ಣನಿಗೂ ಮೊದಲ ದಿನವೇ ದೀಕ್ಷೆ ದೊರೆಯಲಿಲ್ಲ, ಕಟ್ಟಿಗೆಯನ್ನು ಹೊರಬೇಕಾಯಿತು. ಅಂತೆಯೇ ಬಿಡುಗಡೆಯಾದವನ ಕೈಗೆ ಮೊದಲ ದಿನವೇ ಭಂಡಾರದ ಬೀಗದ ಕೈಯನ್ನು ಕೊಡಬೇಕೆಂದು ಯಾರೂ ಹೇಳುವುದಿಲ್ಲ. ದುಡಿಮೆಯನ್ನು ಕೊಡಬೇಕು, ದುಡಿದು ನಷ್ಟವನ್ನು ತುಂಬಿಕೊಡುವ ಅವಕಾಶವನ್ನು ಕೊಡಬೇಕು. ಅವನು ಮತ್ತೆ ಕದಿಯದಿದ್ದರೆ ಮುಂದೆ ಕಳೆದುಕೊಳ್ಳಬೇಕಾಗಿದ್ದ ಇನ್ನೊಬ್ಬನಿಗೂ ಅದು ರಕ್ಷೆ.

ಕಾನೂನು ಕೂಡ ಈ ದಾರಿಯಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿದೆ. ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದಂತೆ, ಮರಣದಂಡನೆ ಅಥವಾ ಆಜೀವ ಕಾರಾವಾಸಕ್ಕೆ ಗುರಿಯಾಗದ ಅಪರಾಧಗಳಲ್ಲಿ, ನ್ಯಾಯಾಲಯವು ಅಪರಾಧಿಯನ್ನು ಸೆರೆಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಬಹುದು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿನಲ್ಲಿ ಮೊದಲ ಬಾರಿ ತಪ್ಪಿತಸ್ಥನಾದವನು ವಸ್ತುವನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸಿದರೆ, ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ವಿಧಿಸುತ್ತದೆ. ಶರಣರ ಕಣ್ಣಿನಿಂದ ನೋಡಿದರೆ ಇದು ಪೆದ್ದಣ್ಣನ ಕಟ್ಟಿಗೆಯ ಹೊರೆಯೇ ಸರಿ. ನಮ್ಮ ಸೀಮೆಗೆ ನೆರೆಯ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ಅಲ್ಲಿ ಆಯ್ದ ಶಿಕ್ಷಾಬಂದಿಗಳು ನೆಲದ ಮೇಲೆ ದುಡಿಯುತ್ತಾರೆ. ಸೆರೆಯಲ್ಲಿರುವವನಿಗೆ ಉಚಿತ ಕಾನೂನು ನೆರವಿನ ಹಕ್ಕನ್ನು ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವು ಕೊಟ್ಟಿದೆ. ೨೦೨೨ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ ನೂರು ಮಂದಿಯಲ್ಲಿ ಸುಮಾರು ೭೬ ಮಂದಿ ವಿಚಾರಣೆ ಮುಗಿಯದವರೇ ಆಗಿದ್ದರೆಂಬುದನ್ನು ನೆನೆದರೆ, ಈ ಹಕ್ಕನ್ನು ಬಡವರಿಗೆ ತಿಳಿಯಪಡಿಸುವುದೇ ಒಂದು ದಾಸೋಹವೆಂದು ತೋರುವುದು.

ಆದರೆ ಸರ್ಕಾರವು ಬಿಡುಗಡೆ ಮಾಡಬಲ್ಲದು, ಬರಮಾಡಿಕೊಳ್ಳಬೇಕಾದುದು ಸಮಾಜ. ಇಲ್ಲಿ ಮಠಗಳ ಮತ್ತು ಸದ್ಭಕ್ತರ ಹೊಣೆಯಿದೆ. ಬಿಡುಗಡೆಯ ದಿನ ಸೆರೆಮನೆಯ ಬಾಗಿಲಲ್ಲಿ ಹಳೆಯ ಸಂಗಾತಿಗಿಂತ ಮೊದಲು ನಮ್ಮವನೊಬ್ಬನು ನಿಂತಿರಲಿ. ಹದಿನೈದು ದಿನ ಊಟಕ್ಕೂ ಮಲಗುವುದಕ್ಕೂ ಮಠದಲ್ಲಿ ಎಡೆಯಿರಲಿ. ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ ಮೊದಲಾದ ಕಾಗದಗಳನ್ನು ಸರಿಪಡಿಸಲು ಓದುಬಲ್ಲವನೊಬ್ಬನು ಜೊತೆ ಹೋಗಲಿ. ಕೆಲಸ ಕೊಡುವ ಯಜಮಾನನಿಗೆ ಭರವಸೆಯಾಗಿ ಊರಿನ ಹಿರಿಯರಿಬ್ಬರು ಮಾತು ಕೊಡಲಿ. ಕುಡಿತದ ಚಟವಿದ್ದರೆ ಗದರಿಸದೆ ಚಿಕಿತ್ಸೆಗೆ ಕರೆದೊಯ್ಯಲಿ. ತವರಿಗೆ ಹೋದ ಹೆಂಡತಿಯ ಮನೆಯವರೊಡನೆ ಹಿರಿಯ ತಾಯಂದಿರು ಮಾತನಾಡಲಿ. ಒಂದು ವರ್ಷ ಹೀಗೆ ಕಳೆದರೆ ಅವನ ದುಡಿಮೆಯೇ ಅವನ ಪರವಾಗಿ ಮಾತನಾಡುವುದು.

ಇದಕ್ಕೆ ದೊಡ್ಡ ಸಂಸ್ಥೆಯಾಗಲಿ ದೊಡ್ಡ ನಿಧಿಯಾಗಲಿ ಬೇಕಾಗಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ವಚನಗೋಷ್ಠಿಯನ್ನು ನಡೆಸುವ ಒಂದೊಂದು ಬಳಗವು ವರ್ಷಕ್ಕೆ ಒಬ್ಬನನ್ನು ಎತ್ತಿ ನಿಲ್ಲಿಸಿದರೂ ನಾಲ್ಕು ಮನೆಗಳಲ್ಲಿ ದೀಪ ಉರಿಯುವುದು. ಉಪದೇಶಕ್ಕಿಂತ ಮೊದಲು ಅನ್ನವನ್ನೂ ಕಾಯಕವನ್ನೂ ಕೊಟ್ಟವರು ನಮ್ಮ ಹಿರಿಯರು. ಅವರ ಹೆಸರನ್ನು ಹೇಳುವ ನಾವು ಇಷ್ಟನ್ನಾದರೂ ಮಾಡಬೇಡವೇ?