ನಾಯಿ ಮಿಂದರೂ ಚಿಗಟ ಹೋಗದೇಕೆ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳೇ ಹೆಂಚಿನ ಮನೆ. ಒಂದು ನಾಯಿ, ಎರಡು ಬೆಕ್ಕುಗಳಿವೆ. ನಾಯಿಗೆ ಚಿಗಟದ ಕಾಟ. ಶಾಂಪೂ ಹಾಕಿ ಮೀಯಿಸಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಕೆರೆದುಕೊಳ್ಳಲು ಶುರು. ಈಗ ನಮ್ಮ ಕಾಲಿಗೂ ಕಚ್ಚುತ್ತಿವೆ. ನಾಯಿಯ ಬೆನ್ನಿಗೆ ಬಿಡುವ ಔಷಧವನ್ನೇ ಬೆಕ್ಕಿಗೆ ಅರ್ಧ ಹಾಕಬಹುದೇ? ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಚಿಗಟದಿಂದ ಮಂಗನ ಕಾಯಿಲೆ ಬರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ.
— ಓದುಗರು, ಸಾಗರ ತಾಲ್ಲೂಕು

ಉತ್ತರ: ಮೊದಲು ಬೆಕ್ಕಿನ ಮಾತು. ಬೇಡ, ಅರ್ಧವೂ ಬೇಡ, ಒಂದು ಹನಿಯೂ ಬೇಡ. ನಾಯಿಗಳಿಗೆಂದು ಮಾರುವ ಕೆಲವು ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ದೇಹ ಅದನ್ನು ಅರಗಿಸಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಆ ಶಕ್ತಿಯಿಲ್ಲ. ಕೆಲವೇ ಗಂಟೆಗಳಲ್ಲಿ ಮೈ ನಡುಗಿ, ಸೆಳವು ಬಂದು ಬೆಕ್ಕು ಸಾಯಬಹುದು. ಈಗಾಗಲೇ ಹಾಕಿದ್ದರೆ ಪಾತ್ರೆ ತೊಳೆಯುವ ಸೋಪಿನ ದ್ರವ ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ತಕ್ಷಣ ಪಶುವೈದ್ಯರಲ್ಲಿಗೆ ಒಯ್ಯಿರಿ. ಔಷಧ ಹಾಕಿದ ನಾಯಿಯ ಪಕ್ಕದಲ್ಲೇ ಬೆಕ್ಕು ಮಲಗುವ ಅಭ್ಯಾಸವಿದ್ದರೆ, ಆ ದಿನ ಎರಡನ್ನೂ ಬೇರೆ ಬೇರೆ ಇಡಿ.

ಇನ್ನು ಶಾಂಪೂ ಏಕೆ ಸೋಲುತ್ತದೆ ಎಂಬುದು. ಅದು ಆ ಹೊತ್ತು ಮೈಮೇಲಿರುವ ಚಿಗಟಗಳನ್ನು ಮಾತ್ರ ಕೊಲ್ಲುತ್ತದೆ. ನಿಮ್ಮ ಮನೆಯಲ್ಲಿರುವ ಒಟ್ಟು ಚಿಗಟ ಸಂತತಿಯಲ್ಲಿ ನಾಯಿಯ ಮೈಮೇಲಿರುವುದು ನೂರಕ್ಕೆ ಐದರಷ್ಟು. ಉಳಿದದ್ದೆಲ್ಲ ಮೊಟ್ಟೆ, ಮರಿಹುಳು, ಗೂಡುಗಳಾಗಿ ಮನೆಯೊಳಗೇ ಇದೆ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಮೊಟ್ಟೆ ರೋಮಕ್ಕೆ ಅಂಟದೆ ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತದೆ. ಮರಿಹುಳು ಬೆಳಕಿಗೆ ಹೆದರಿ ಗೋಣಿಚೀಲದ ಅಡಿ, ಕಂಬಳಿಯ ಮಡಿಕೆ, ಹಲಗೆಯ ಸಂದಿ ಸೇರುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತದೆ. ಆ ಗೂಡಿಗೆ ಯಾವ ಔಷಧವೂ ಸರಿಯಾಗಿ ತಾಗದು. ಒಳಗೆ ಬೆಳೆದ ಚಿಗಟ ತಿಂಗಳುಗಟ್ಟಲೆ ಕಾದು, ಹೆಜ್ಜೆಯ ಕಂಪನ, ಮೈಯ ಬಿಸಿ, ಉಸಿರು ತಾಗಿದೊಡನೆ ಹೊರಗೆ ಹಾರುತ್ತದೆ. ರಜೆಗೆಂದು ಬೀಗ ಹಾಕಿ ಹೋದವರು ಹಿಂದಿರುಗಿ ಬಾಗಿಲು ತೆಗೆದಾಗ ಒಮ್ಮೆಲೇ ಕಾಲಿಗೆ ಮುತ್ತುವುದು ಇದೇ ಕಾರಣಕ್ಕೆ.

ಅನುಮಾನವಿದ್ದರೆ ನೀವೇ ಪರೀಕ್ಷಿಸಿ. ನಾಯಿಯ ಬಾಲದ ಬುಡದಲ್ಲಿ ರೋಮ ಬಿಡಿಸಿ, ಅಲ್ಲಿ ಸಿಗುವ ಕರಿ ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ. ಸುತ್ತ ಕೆಂಪು ಕಲೆ ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಆ ಕೆಂಪು ನಿಮ್ಮ ನಾಯಿಯದೇ ರಕ್ತ. ಮರಿಹುಳುಗಳಿಗೆ ಅದೇ ಆಹಾರ.

ಹಾಗಾಗಿ ಮೈಗೂ ಮನೆಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ನಾಯಿಯನ್ನೂ ಎರಡೂ ಬೆಕ್ಕುಗಳನ್ನೂ ತೂಕ ಮಾಡಿಸಿ, ಪ್ರತಿಯೊಂದಕ್ಕೂ ಅದರದೇ ಔಷಧವನ್ನು ಪಶುವೈದ್ಯರಿಂದ ಬರೆಸಿಕೊಳ್ಳಿ. ಬೆನ್ನಿಗೆ ಬಿಡುವ ಹನಿಯೂ ಇದೆ, ನುಂಗಿಸುವ ಗುಳಿಗೆಯೂ ಇದೆ. ಒಂದನ್ನು ಬಿಟ್ಟರೂ ಚಿಗಟ ಅದರ ಮೇಲೆ ಉಳಿಯುತ್ತದೆ. ಮಲಗುವ ಗೋಣಿಚೀಲ ಸುಟ್ಟುಬಿಡಿ. ಬಟ್ಟೆ, ಕಂಬಳಿಗಳನ್ನು ವಾರಕ್ಕೊಮ್ಮೆ ಕುದಿಬಿಸಿ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಸಂದಿಗೊಂದಿಯೆಲ್ಲ ಎಳೆಸಿ, ಕಸವನ್ನು ಕೂಡಲೇ ಹೊರಗೆ ಹಾಕಿ. ಇಲ್ಲದಿದ್ದರೆ ಮಂಚದಡಿ, ಮೂಲೆಗಳನ್ನು ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಕೀಟನಾಶಕ ಹೊಡೆಸುವುದಾದರೆ ಮರಿಹುಳು ಬೆಳೆಯದಂತೆ ತಡೆಯುವ ಪೈರಿಪ್ರಾಕ್ಸಿಫೆನ್‌ನಂಥ ಔಷಧ ಅದರಲ್ಲಿದೆಯೇ ಎಂದು ಕೇಳಿ; ನೆಲ ಪೂರ್ತಿ ಒಣಗುವವರೆಗೆ ಮಗುವನ್ನೂ ಪ್ರಾಣಿಗಳನ್ನೂ ಒಳಗೆ ಬಿಡಬೇಡಿ.

ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ನುಸಿಗುಳಿಗೆ, ತೋಟಕ್ಕೆ ಹೊಡೆಯುವ ಔಷಧ — ಇವನ್ನು ನಾಯಿಗೆ ಹಚ್ಚುವವರು ಇಂದಿಗೂ ಇದ್ದಾರೆ. ಚಿಗಟಕ್ಕಿಂತ ಇವು ಅಪಾಯ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷವೇರುತ್ತದೆ. ದಯವಿಟ್ಟು ಬೇಡ.

ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಮಂಗನ ಕಾಯಿಲೆ ಚಿಗಟದಿಂದ ಬರುವುದಿಲ್ಲ. 1957ರಲ್ಲಿ ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ. ಉಣುಗು ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ, ಹಾರುವುದಿಲ್ಲ, ಚಿಗಟ ಹಾರುತ್ತದೆ. ಆದರೆ ನಾಯಿ ಕಾಡಿಗೆ ಹೋಗಿ ಬರುತ್ತಿದ್ದರೆ ಮೈಮೇಲೆ ಉಣುಗು ತರಬಹುದು, ಅದನ್ನು ದಿನವೂ ನೋಡಿ ತೆಗೆಯಿರಿ.

ಚಿಗಟದಿಂದ ಮಗುವಿಗೆ ಬರಬಹುದಾದದ್ದು ಲಾಡಿಹುಳು. ಚಿಗಟವನ್ನು ಅರಿವಿಲ್ಲದೆ ನುಂಗಿದರೆ ಅದರೊಳಗಿನ ಹುಳು ಕರುಳು ಸೇರುತ್ತದೆ. ಮಗುವಿನ ಮಲದಲ್ಲೋ ನಾಯಿಯ ಗುದದ ಸುತ್ತಲೋ ಸೌತೆಬೀಜದಂಥ ಬಿಳಿ ತುಣುಕುಗಳು ಕಂಡರೆ ಮಕ್ಕಳ ವೈದ್ಯರಿಗೂ ಪಶುವೈದ್ಯರಿಗೂ ತೋರಿಸಿ. ಸುಲಭದ ಚಿಕಿತ್ಸೆಯಿದೆ. ಕಾಲಿನ ಕಡಿತಕ್ಕೆ ಸೋಪು, ತಣ್ಣೀರು, ಕ್ಯಾಲಮೈನ್ ಸಾಕು. ಕೆರೆದು ಕೀವಾದರೆ, ಜ್ವರ ಬಂದರೆ ತಡ ಮಾಡದೆ ವೈದ್ಯರನ್ನು ಕಾಣಿ, ಮನೆಯಲ್ಲಿ ಚಿಗಟವಿರುವುದನ್ನೂ ಹೇಳಿ.

ಔಷಧ ಹಾಕಿದ ಮೇಲೂ ಕೆಲವು ವಾರ ಚಿಗಟ ಕಾಣುತ್ತವೆ. ಹಳೆಯ ಗೂಡುಗಳಿಂದ ಹೊರಬರುವವು ಅವು. ಔಷಧ ಕೆಲಸ ಮಾಡಲಿಲ್ಲವೆಂದು ಅಲ್ಲಿಗೇ ಕೈಬಿಡಬೇಡಿ, ಕನಿಷ್ಠ ಮೂರು ತಿಂಗಳು ತಪ್ಪದೆ ಮುಂದುವರಿಸಿ.