ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ: ಒಂದು ಜೋಡಿಯ ವಿಚಾರ



ಕಳೆದ ದಸರೆಯ ರಜೆಯಲ್ಲಿ ನಾವು ನಮ್ಮ ತಂಗಿಯ ಮನೆಗೆ ಹೋಗಿದ್ದಾಗ ಅಲ್ಲಿ ಕಂಡ ಒಂದು ಸಂಗತಿಯೇ ಈ ಪಾಠವನ್ನು ಬರೆಯುವದಕ್ಕೆ ಕಾರಣವಾಯಿತು. ತಂಗಿಯ ಮಗಳು ಪದವಿಪೂರ್ವ ತರಗತಿಯಲ್ಲಿ ಓದುವವಳು. ಸಂಜೆ ಓದು ಮುಗಿದ ಮೇಲೆ ಒಂದು ತಾಸು ವ್ಯಾಲೊರಂಟ್ ಎಂಬ ಆಟವನ್ನು ಕಂಪ್ಯೂಟರಿನಲ್ಲಿ ಆಡುವಳು. ಜತೆಯ ನಾಲ್ವರು ಹುಡುಗಿಯರನ್ನು ಕೂಡಿಸಿಕೊಂಡು ಒಂದು ತಂಡವನ್ನೂ ಕಟ್ಟಿದ್ದಳು. ನಾವು ಹೋದ ದಿನ ಅವಳು ಮುಖ ಬಾಡಿಸಿಕೊಂಡು, "ದೊಡ್ಡಮ್ಮಾ, ನನ್ನ ಕೈಯೇ ನಿಧಾನ. ಮಾವ ಅಷ್ಟು ದುಡ್ಡು ಕೊಟ್ಟು ಹೊಸ ಕಾರ್ಡ್ ತಂದು ಹಾಕಿಸಿದರು. ಆದರೂ ಎದುರಿನವರು ನನಗಿಂತ ಮೊದಲೇ ಗುಂಡು ಹೊಡೆಯುತ್ತಾರೆ. ನಾನು ತಂಡ ಬಿಟ್ಟುಬಿಡುತ್ತೇನೆ" ಅಂದಳು.

ತುಪಾಕಿಯ ಆಟದ ಮಾತು ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಯಾಕೆಂದು ಕೆಲವರು ಹುಬ್ಬೇರಿಸಬಹುದು. ಆ ಚರ್ಚೆಯನ್ನು ಇನ್ನೊಂದು ದಿನಕ್ಕೆ ಬಿಡುವೆವು. ಈ ಆಟದಲ್ಲಿ ಮುಖ್ಯವಾಗಿ ಸ್ತ್ರೀಯರಿಗಾಗಿಯೇ 'ಗೇಮ್ ಚೇಂಜರ್ಸ್' ಎಂಬ ಪಂದ್ಯಗಳು ೨೦೨೧ರಿಂದ ನಡೆದು, ೨೦೨೨ರ ನವಂಬರದಲ್ಲಿ ಬರ್ಲಿನ್ ನಗರದಲ್ಲಿ ಅವರ ಜಾಗತಿಕ ಸ್ಪರ್ಧೆಯು ಜರಗಿ ಜಿ೨ ಗೋಝೆನ್ ಎಂಬ ತಂಡವು ಗೆದ್ದಿತೆಂಬಷ್ಟನ್ನು ಇಲ್ಲಿ ತಿಳಿದರೆ ಸಾಕು. ನಮಗೆ ಆ ದಿನ ಮುಖ್ಯವಾಗಿ ತೋರಿದ್ದು ಬೇರೆ. ಯಂತ್ರದ ದೋಷವನ್ನು ಒಬ್ಬ ಹುಡುಗಿಯು ತನ್ನ ಕೈಯ ದೋಷವೆಂದು ನಂಬಿಕೊಂಡಿದ್ದಳೋ ಎಂಬ ಸಂಶಯವು ನಮಗೆ ಹುಟ್ಟಿತು. ಅದನ್ನು ಪರೀಕ್ಷಿಸಿದ ಬಗೆಯನ್ನೇ ಇಲ್ಲಿ ಹೇಳುವೆವು.

ಮೊದಲು ತಿಳಿಯತಕ್ಕದ್ದು ಏನೆಂದರೆ, ಪರದೆಯ ಮೇಲೆ ಚಲಿಸುವಂತೆ ಕಾಣುವದೆಲ್ಲವೂ ನಿಂತ ಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಒಂದು ಸೆಕೆಂಡಿನಲ್ಲಿ ೬೦ ಫ್ರೇಮುಗಳು ಬರಬೇಕಾದರೆ ಒಂದನ್ನು ಸಿದ್ಧಮಾಡಲು ಸುಮಾರು ೧೬.೭ ಮಿಲಿಸೆಕೆಂಡಿನ ಅವಕಾಶ ಸಿಕ್ಕುವದು. ೧೪೪ ಬರಬೇಕಾದರೆ ೬.೯, ೨೪೦ ಬರಬೇಕಾದರೆ ೪.೨, ೩೬೦ ಬರಬೇಕಾದರೆ ೨.೮ ಮಾತ್ರ. ಕಣ್ಣೆವೆಯನ್ನು ಒಮ್ಮೆ ಮಿಟುಕಿಸುವಷ್ಟರಲ್ಲಿ ಹತ್ತಾರು ಫ್ರೇಮುಗಳು ದಾಟಿಹೋಗುವವು. ಎದುರಾಳಿಯು ಗೋಡೆಯ ಮರೆಯಿಂದ ಹೊರಬಂದದ್ದು ಯಾರ ಪರದೆಯಲ್ಲಿ ಮೊದಲು ಕಾಣುವದೋ ಅವರಿಗೆ ಅಷ್ಟು ಲಾಭ.

ಈ ಫ್ರೇಮನ್ನು ಇಬ್ಬರು ಕೂಡಿ ಸಿದ್ಧಮಾಡುವರು. ನಮ್ಮ ಹೊಲಿಗೆಯ ತರಗತಿಯಿಂದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಒಬ್ಬಳು ಮಾದರಿಯ ಪುಸ್ತಕವನ್ನು ತೆರೆದುಕೊಂಡು, ಇಲ್ಲಿ ಹೂವು, ಅಲ್ಲಿ ಎಲೆ, ಅಂಚಿಗೆ ಕೆಂಪು ನೂಲು ಎಂದು ಹೇಳುತ್ತಾ ಹೋಗುವಳು. ಇನ್ನೊಬ್ಬಳು ಕೇಳಿದ ಪ್ರಕಾರ ಬಟ್ಟೆಯ ಮೇಲೆ ಕಸೂತಿ ಹಾಕುತ್ತಾ ಬರುವಳು. ಹೇಳುವವಳು ಪ್ರೊಸೆಸರ್; ಹಾಕುವವಳು ಗ್ರಾಫಿಕ್ಸ್ ಕಾರ್ಡ್. ಐದೈದು ಮಂದಿಯ ಎರಡು ಪಂಗಡದವರಲ್ಲಿ ಯಾರು ಎಲ್ಲಿದ್ದಾರೆ, ಹಾರಿದ ಗುಂಡು ಯಾರಿಗೆ ತಾಗಿತು, ಹೆಜ್ಜೆಯ ಸಪ್ಪಳವು ಯಾವ ಕಡೆಯಿಂದ ಬರಬೇಕು, ದೂರದ ಸರ್ವರಿನಿಂದ ಬಂದ ಸಮಾಚಾರವೇನು, ಆಟಗಾರ್ತಿಯು ಮೌಸನ್ನು ಎಷ್ಟು ತಿರುಗಿಸಿದಳು ಎಂಬಿವೆಲ್ಲವನ್ನೂ ಲೆಕ್ಕ ಹಾಕಿ, ಇಂತಿಂಥದನ್ನು ಬರೆ ಎಂದು ಅಪ್ಪಣೆ ಕೊಡುವದು ಪ್ರೊಸೆಸರಿನ ಕೆಲಸ. ಆ ಅಪ್ಪಣೆಯಂತೆ ಲಕ್ಷಗಟ್ಟಲೆ ಚುಕ್ಕೆಗಳಿಗೆ ಬಣ್ಣ ತುಂಬುವದು ಕಾರ್ಡಿನ ಕೆಲಸ. ಇವರಿಬ್ಬರೂ ಏಕಕಾಲದಲ್ಲಿ ದುಡಿಯುವರು. ಹಾಕುವವಳು ಈ ಹೂವನ್ನು ಮುಗಿಸುವಷ್ಟರಲ್ಲಿ ಹೇಳುವವಳು ಮುಂದಿನದನ್ನು ಓದಿಟ್ಟುಕೊಂಡಿರುವಳು. ಆದಕಾರಣ ಒಟ್ಟು ಕೆಲಸದ ವೇಗವು ಇಬ್ಬರಲ್ಲಿ ನಿಧಾನವಾದವಳ ವೇಗವೇ ಹೊರತು ಇಬ್ಬರ ಸರಾಸರಿಯಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡಿರಿ. ಪ್ರೊಸೆಸರಿಗೆ ಒಂದು ಫ್ರೇಮಿಗೆ ೫ ಮಿಲಿಸೆಕೆಂಡು ಹಿಡಿಯುವದೆಂದೂ ಕಾರ್ಡಿಗೆ ೪ ಹಿಡಿಯುವದೆಂದೂ ಇಟ್ಟುಕೊಳ್ಳಿರಿ. ಆಗ ಸೆಕೆಂಡಿಗೆ ೨೦೦ ಫ್ರೇಮುಗಳು ಬರುವವು. ಹಣ ಸುರಿದು ಇದಕ್ಕೆ ಇಮ್ಮಡಿ ವೇಗದ, ಎಂದರೆ ೨ ಮಿಲಿಸೆಕೆಂಡಿನಲ್ಲಿ ಮುಗಿಸುವ ಕಾರ್ಡನ್ನು ತಂದರೆ ಎಷ್ಟು ಬರುವವು? ಅದೇ ೨೦೦. ಕಸೂತಿ ಹಾಕುವವಳು ಸೂಜಿ ಹಿಡಿದುಕೊಂಡು ಬಾಯಿ ನೋಡುತ್ತಾ ಕೂತಿರುವಳು, ಅಷ್ಟೆ.

ಆದರೆ ಬಟ್ಟೆ ದೊಡ್ಡದಾದರೆ ಮಾತು ಬದಲಾಗುವದು. ೧೯೨೦ ಅಡ್ಡ, ೧೦೮೦ ಉದ್ದದ ಪರದೆಯಲ್ಲಿ ೨೦,೭೩,೬೦೦ ಚುಕ್ಕೆಗಳಿರುವವು. ೨೫೬೦ಕ್ಕೆ ೧೪೪೦ರ ಪರದೆಯಲ್ಲಿ ೩೬,೮೬,೪೦೦. ೩೮೪೦ಕ್ಕೆ ೨೧೬೦ರದ್ದರಲ್ಲಿ ೮೨,೯೪,೪೦೦, ಅಂದರೆ ಮೊದಲಿನದರ ಸರಿಯಾಗಿ ನಾಲ್ಕು ಪಟ್ಟು. ಚುಕ್ಕೆಗಳು ಹೆಚ್ಚಿದಷ್ಟೂ ಕಾರ್ಡಿಗೆ ದುಡಿಮೆ ಹೆಚ್ಚು. ಪ್ರೊಸೆಸರಿಗೋ, ಹತ್ತು ಮಂದಿ ಆಟಗಾರರು ಹತ್ತು ಮಂದಿಯೇ. ಪರದೆಯ ಅಳತೆಯಿಂದ ಅದರ ಲೆಕ್ಕವು ಬಹುಮಟ್ಟಿಗೆ ಬದಲಾಗುವದಿಲ್ಲ. ಇದೇ ಭೇದವು ರೋಗವನ್ನು ಕಂಡುಹಿಡಿಯುವದಕ್ಕೆ ನಮಗೆ ಸಾಧನವಾಯಿತು.

ತಂಗಿಯ ಮಗಳನ್ನು ಆಟಕ್ಕೆ ಕೂರಿಸಿ, ಪರದೆಯ ಮೂಲೆಯಲ್ಲಿ ಫ್ರೇಮುಗಳ ಸಂಖ್ಯೆ ಕಾಣುವಂತೆ ಮಾಡಿದೆವು. ಸಾಮಾನ್ಯವಾಗಿ ೧೧೦ರ ಸುತ್ತ ಇರುತ್ತಿತ್ತು. ನಾಲ್ಕೈದು ಮಂದಿ ಒಂದೆಡೆ ಸೇರಿ ಗುಂಡಿನ ಕಾಳಗವಾದಾಗ ೭೦ಕ್ಕೆ ಇಳಿಯುತ್ತಿತ್ತು. ಅನಂತರ ಆಟದ ಚಿತ್ರವನ್ನು ೧೯೨೦ಕ್ಕೆ ೧೦೮೦ರಿಂದ ೧೨೮೦ಕ್ಕೆ ೭೨೦ಕ್ಕೆ ಇಳಿಸಿದೆವು. ಚುಕ್ಕೆಗಳು ಅರ್ಧಕ್ಕಿಂತಲೂ ಕಡಿಮೆಯಾದವು. ಕಾರ್ಡು ಕಾರಣವಾಗಿದ್ದಲ್ಲಿ ಸಂಖ್ಯೆಯು ಮೇಲೇರಲೇಬೇಕಿತ್ತು. ಏರಲಿಲ್ಲ! ಮೊದಲು ೧೧೦ ಇದ್ದದ್ದು ಈಗಲೂ ೧೧೦. ಕಾರ್ಡಿನ ದುಡಿಮೆಯನ್ನು ತೋರಿಸುವ ಸಂಖ್ಯೆಯು ನೂರಕ್ಕೆ ಮೂವತ್ತನ್ನೂ ಮುಟ್ಟಿರಲಿಲ್ಲ. ಯಂತ್ರವನ್ನು ನಿಲ್ಲಿಸಿ ಬಿಚ್ಚಿ ನೋಡಲು, ಹೊಸ ದೊಡ್ಡ ಕಾರ್ಡಿನ ಪಕ್ಕದಲ್ಲಿ ೨೦೧೭ರ ಕಾಲದ ನಾಲ್ಕು ಕೋರಿನ ಪ್ರೊಸೆಸರ್ ಕೂತಿತ್ತು. ಅಂಗಡಿಯವನು ಕಾರ್ಡನ್ನು ಮಾರುವಾಗ ಪ್ರೊಸೆಸರ್ ಯಾವದೆಂದು ಕೇಳಲೇ ಇಲ್ಲವಂತೆ. ಮಾವನೂ ಹೇಳಲಿಲ್ಲ, ದೊಡ್ಡ ಪೆಟ್ಟಿಗೆಯಲ್ಲಿ ಬಂದದ್ದು ದೊಡ್ಡ ಕೆಲಸವನ್ನು ಮಾಡುವದೆಂದು ಅವರ ಎಣಿಕೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಪ್ರೊಸೆಸರಿನ ಒಟ್ಟು ದುಡಿಮೆಯು ನೂರಕ್ಕೆ ಮೂವತ್ತೋ ನಲವತ್ತೋ ಎಂದು ತೋರಿದರೆ, ಅದಕ್ಕೆ ಇನ್ನೂ ಬಿಡುವಿದೆಯೆಂದು ಅನೇಕರು ಭಾವಿಸುವರು. ಇದು ತಪ್ಪು. ಹದಿನಾರು ಎಳೆಗಳಲ್ಲಿ ಕೆಲಸ ಮಾಡಬಲ್ಲ ಪ್ರೊಸೆಸರಿನಲ್ಲಿ ಒಂದೇ ಎಳೆಯು ಪೂರ್ತಿ ದಣಿದಿದ್ದರೆ ಒಟ್ಟು ಲೆಕ್ಕದಲ್ಲಿ ಅದು ನೂರಕ್ಕೆ ಆರು ಮಾತ್ರವೇ. ಇಂಥ ಆಟಗಳಲ್ಲಿ ಮುಖ್ಯವಾದ ಕೆಲಸವು ಒಂದೆರಡು ಎಳೆಗಳ ಮೇಲೆಯೇ ಬೀಳುವದರಿಂದ, ಕೋರುಗಳ ಸಂಖ್ಯೆಗಿಂತ ಒಂದೊಂದು ಕೋರಿನ ಚುರುಕು ಹೆಚ್ಚು ಬೆಲೆಯುಳ್ಳದ್ದು.

ಚುರುಕೆಂದರೆ ಗಿಗಾಹರ್ಟ್ಸ್ ಒಂದೇ ಅಲ್ಲ. ೨೦೨೨ರ ಏಪ್ರಿಲಿನಲ್ಲಿ ಎಎಮ್‌ಡಿಯವರು ರೈಜನ್ ೭ ೫೮೦೦ ಎಕ್ಸ್ ೩ ಡಿ ಎಂಬದನ್ನು ಹೊರತಂದರು. ಅದಕ್ಕೆ ಮೊದಲಿದ್ದ ೫೮೦೦ ಎಕ್ಸ್‌ನ ಗರಿಷ್ಠ ಗತಿಯು ೪.೭ ಗಿಗಾಹರ್ಟ್ಸ್, ಹೊಸದರದ್ದು ೪.೫. ಗತಿಯು ಕಡಿಮೆಯಾಗಿದ್ದರೂ ಆಟಗಳಲ್ಲಿ ಹೊಸದೇ ಮುಂದಾಯಿತು. ಯಾಕಂದರೆ ಅದರೊಳಗಿನ ಮೂರನೆಯ ಹಂತದ ಕ್ಯಾಶ್ ಎಂಬ ಸಮೀಪದ ನೆನಪು ೩೨ ಮೆಗಾಬೈಟಿನಿಂದ ೯೬ಕ್ಕೆ ಏರಿತ್ತು. ಮತ್ತೆ ಹೊಲಿಗೆಯ ಮಾತಿಗೆ ಬಂದರೆ, ನೂಲಿನ ಡಬ್ಬಿಯು ಮಡಿಲಲ್ಲಿಯೇ ಇದ್ದರೆ ಕೈ ಹಾಕಿದ ಕೂಡಲೇ ಬೇಕಾದ ಬಣ್ಣ ಸಿಕ್ಕುವದು. ಡಬ್ಬಿ ಚಿಕ್ಕದಾಗಿದ್ದರೆ ಪ್ರತಿ ಸಲವೂ ಎದ್ದು ಪಕ್ಕದ ಕೋಣೆಯ ಬೀರುವಿಗೆ ಹೋಗಬೇಕು. ಬೀರು ಎಂಬದು ಇಲ್ಲಿ ರ್‍ಯಾಮ್. ಎಷ್ಟೇ ವೇಗವಾಗಿ ನಡೆದರೂ ಎದ್ದು ಹೋಗುವದು ಹೋಗುವದೇ. ೨೦೨೩ರ ೭೮೦೦ ಎಕ್ಸ್ ೩ ಡಿ, ೨೦೨೪ರ ೯೮೦೦ ಎಕ್ಸ್ ೩ ಡಿ ಎಂಬವುಗಳೂ ಇದೇ ಜಾತಿಯವು. ೨೦೨೩ರ ಸೆಪ್ಟೆಂಬರಿನಲ್ಲಿ ಬಂದ ಕೌಂಟರ್ ಸ್ಟ್ರೈಕ್ ೨ ಎಂಬ ಆಟವನ್ನು ೨೪೦ ಹರ್ಟ್ಸಿಗೂ ಮೇಲಿನ ಮಾನಿಟರಿನಲ್ಲಿ ಪಂದ್ಯಕ್ಕಾಗಿ ಆಡುವವರು ಮೊದಲು ಇಂಥ ಪ್ರೊಸೆಸರಿಗೆ ಹಣವನ್ನು ಎತ್ತಿಟ್ಟು, ಉಳಿದದ್ದರಲ್ಲಿ ಕಾರ್ಡನ್ನು ನೋಡುವದು ಲೇಸೆಂದು ನಮ್ಮ ಅಭಿಪ್ರಾಯ. ಬೆಟ್ಟ, ಕಾಡು, ನೀರು, ಬೆಳಕುಗಳನ್ನು ಬೆಡಗಿನಿಂದ ತೋರಿಸುವ ಕಥೆಯ ಆಟಗಳಿಗೆ ಈ ಕ್ರಮವು ತಲೆಕೆಳಗಾಗುವದು. ಅಲ್ಲಿ ಕಾರ್ಡೇ ಹಿರಿಯಕ್ಕ.

ಹಾಗಾದರೆ ಕಾರ್ಡು ನಿಧಾನವಾಗಿದ್ದರೆ ಬರೀ ಫ್ರೇಮುಗಳು ಕಡಿಮೆಯಾಗುವವಷ್ಟೆಯೋ ಎಂದು ಕೇಳುವಿರಿ. ಇನ್ನೊಂದು ಕೇಡುಂಟು. ಹೇಳುವವಳು ಮುಂದೆ ಓಡಿ ಎರಡು ಮೂರು ಅಪ್ಪಣೆಗಳನ್ನು ಚೀಟಿಯಲ್ಲಿ ಬರೆದು ಸಾಲಾಗಿ ಇಟ್ಟರೆ, ಹಾಕುವವಳು ಈಗ ಹಾಕುತ್ತಿರುವದು ಹಳೆಯ ಚೀಟಿಯನ್ನು. ಆಟಗಾರ್ತಿಯು ಈಗ ಒತ್ತಿದ ಗುಂಡಿಯ ಫಲವು ಆ ಸಾಲೆಲ್ಲ ಕರಗಿದ ಮೇಲೆ ಕಾಣುವದು. ಕೈಗೂ ಕಣ್ಣಿಗೂ ನಡುವಣ ಈ ವಿಳಂಬವನ್ನು ತಗ್ಗಿಸುವದಕ್ಕಾಗಿ ಎನ್‌ವಿಡಿಯಾದವರು ೨೦೨೦ರಲ್ಲಿ ರಿಫ್ಲೆಕ್ಸ್ ಎಂಬ ಏರ್ಪಾಡನ್ನು ತಂದರು. ಅದು ಚೀಟಿಗಳು ಸಾಲುಗಟ್ಟದ ಹಾಗೆ ಹೇಳುವವಳನ್ನು ತಡೆದು, ಬೇಕಾದ ಹೊತ್ತಿಗೆ ಮಾತ್ರ ಬಾಯಿ ತೆರೆಯಿಸುವದು. ಮೇಲೆ ಹೇಳಿದ ಎರಡು ಆಟಗಳಲ್ಲಿಯೂ ಈ ಸೌಕರ್ಯವಿದೆ.

ಸರಾಸರಿಯನ್ನು ಮಾತ್ರ ನೋಡಿ ಮೋಸಹೋಗಬೇಡಿರಿ. ಖಾಲಿ ಓಣಿಯಲ್ಲಿ ನಡೆಯುವಾಗ ೩೦೦, ಕಾಳಗದಲ್ಲಿ ೮೦ ಎಂದಾದರೆ ಸರಾಸರಿಯು ಸೊಗಸಾಗಿಯೇ ಕಾಣುವದು; ಆದರೆ ಫ್ರೇಮುಗಳು ಬೇಕಾದದ್ದು ಕಾಳಗದಲ್ಲಿಯೇ. ಆದ್ದರಿಂದ ಬಲ್ಲವರು ಅತ್ಯಂತ ನಿಧಾನವಾದ ನೂರಕ್ಕೆ ಒಂದು ಪಾಲು ಫ್ರೇಮುಗಳ ಲೆಕ್ಕವನ್ನು ಬೇರೆಯಾಗಿ ಕೇಳುವರು. ಕಾಳಗದಲ್ಲಿ ಸಪ್ಪಳ, ಗುಂಡು, ಹೊಗೆ, ಸರ್ವರಿನ ಸಮಾಚಾರ ಎಲ್ಲವೂ ಒಮ್ಮೆಲೇ ನುಗ್ಗುವದರಿಂದ, ಈ ಕುಸಿತಕ್ಕೆ ಬಹಳ ಸಲ ಪ್ರೊಸೆಸರೋ ರ್‍ಯಾಮೋ ಕಾರಣವಾಗಿರುವದು. ರ್‍ಯಾಮಿನ ಪಟ್ಟಿಯು ಒಂದೇ ಇದ್ದಲ್ಲಿ ದಾರಿಯೂ ಒಂದೇ. ಎರಡು ಪಟ್ಟಿಗಳನ್ನು ಸರಿಯಾದ ಗೂಡುಗಳಲ್ಲಿ ಹಾಕಿದರೆ ದಾರಿಯು ಇಮ್ಮಡಿಯಾಗುವದು. ಮಾನಿಟರಿನ ಕೇಬಲನ್ನು ಕಾರ್ಡಿಗೆ ಸಿಕ್ಕಿಸದೆ ಮದರ್‌ಬೋರ್ಡಿಗೆ ಸಿಕ್ಕಿಸಿರುವದು, ೧೪೪ ಹರ್ಟ್ಸಿನ ಮಾನಿಟರನ್ನು ೬೦ರಲ್ಲಿಯೇ ಬಿಟ್ಟಿರುವದು, ಇವೂ ಮನೆಮನೆಯಲ್ಲಿ ಕಾಣುವ ತಪ್ಪುಗಳು. ಹಣ ಕೊಡುವ ಮೊದಲು ಇವನ್ನು ನೋಡಿಕೊಳ್ಳಿರಿ.

ಇನ್ನು ತಂಗಿಯ ಮನೆಯ ಮಾತು. ಅವಳ ಮದರ್‌ಬೋರ್ಡು ಎಎಮ್ ೪ ಎಂಬ ಸಾಕೆಟಿನದ್ದಾಗಿದ್ದುದು ಭಾಗ್ಯವಾಯಿತು. ೨೦೨೨ರಲ್ಲಿ ಬಂದ ಆರು ಕೋರಿನ ರೈಜನ್ ೫ ೫೬೦೦ ಎಂಬ ಪ್ರೊಸೆಸರೂ ಅದೇ ಸಾಕೆಟಿಗೆ ಕೂರುವದು. ಅದಕ್ಕೆ ೬೫ ವಾಟಿನ ವ್ಯವಸ್ಥೆ ಸಾಕು. ಬೋರ್ಡಿನ ಬಯಾಸನ್ನು ಮೊದಲು ಹೊಸದಾಗಿಸಬೇಕಾಗಿತ್ತು. ಇದನ್ನು ಮರೆತು ಪ್ರೊಸೆಸರನ್ನು ಬದಲಿಸಿದ್ದರೆ ಯಂತ್ರವು ಕಣ್ಣು ಬಿಡುತ್ತಲೇ ಇರಲಿಲ್ಲ. ಮಾವನು ಕಾರ್ಡಿಗೆ ಕೊಟ್ಟಿದ್ದ ಹಣದ ಕಾಲುಭಾಗವೂ ಇದಕ್ಕೆ ಹಿಡಿಯಲಿಲ್ಲ. ಎರಡನೆಯ ರ್‍ಯಾಮ್ ಪಟ್ಟಿಯೊಂದನ್ನೂ ಹಾಕಿಸಿದೆವು.

ಆ ಸಂಜೆ ಸಂಖ್ಯೆಯು ೨೫೦ನ್ನು ದಾಟಿತು. ಕಾಳಗದಲ್ಲಿಯೂ ೧೬೦ಕ್ಕಿಂತ ಕೆಳಗೆ ಇಳಿಯಲಿಲ್ಲ. ಅವಳ ಮಾನಿಟರು ೧೪೪ ಹರ್ಟ್ಸಿನದ್ದಾದ್ದರಿಂದ ಅದಕ್ಕಿಂತ ಹೆಚ್ಚು ಅವಳಿಗೆ ಸದ್ಯಕ್ಕೆ ಬೇಕಾಗಿಯೂ ಇರಲಿಲ್ಲ. ಮೂರನೆಯ ಆಟದಲ್ಲಿ ಓಣಿಯ ತಿರುವಿನಲ್ಲಿ ಎದುರಾದವನನ್ನು ಇವಳೇ ಮೊದಲು ಹೊಡೆದಳು. ತಿರುಗಿ ನಮ್ಮನ್ನು ನೋಡಿ ಏನೂ ಹೇಳಲಿಲ್ಲ. ಕೂಡಲೇ ತಂಡದ ಹುಡುಗಿಯರಿಗೆ ಕರೆ ಮಾಡಿದಳು. ಅವಳ ಮಾವನು ಮಾತ್ರ ಕಾರ್ಡನ್ನು ಹಿಂದಕ್ಕೆ ಕೊಡುವದಕ್ಕಾಗುವದೋ ಎಂದು ಅಂಗಡಿಗೆ ಎರಡು ಸಲ ಹೋಗಿ ಬಂದರು. ಆಗಲಿಲ್ಲ.

ಮೊನ್ನೆ ಅವಳಿಂದ ನಮಗೆ ಕರೆ ಬಂತು. ೨೫೬೦ಕ್ಕೆ ೧೪೪೦ರ ದೊಡ್ಡ ಮಾನಿಟರ್ ಕೊಳ್ಳಬಹುದೇ ಎಂದು ಕೇಳಿದಳು. ಬಟ್ಟೆಯು ಮುಕ್ಕಾಲು ಪಾಲು ಹೆಚ್ಚಾಗುವದು; ಕಸೂತಿ ಹಾಕುವವಳಿಗೆ ಈಗ ನಿಜವಾದ ದುಡಿಮೆ ಬರುವದು. ಮಾವನ ಕಾರ್ಡು ಅದಕ್ಕೆ ಸಾಲುವದೆಂದು ಲೆಕ್ಕ ಹಾಕಿ ತಿಳಿಸಿದೆವು.